ಹಿಂದಿನವರಿಗೆ ಕಾಣುವ ದೀಪ

ಬ್ರೇಕ್ ಲೈಟು ಅನ್ನುವುದು ಗಾಡಿ ಓಡಿಸುವವನ ಕಣ್ಣಿಗೆ ಬೀಳದ ದೀಪ. ಹರ್ಖಮಾನ್ ರಾಯ್ ತನ್ನ ಹಳೇ ಲ್ಯಾಂಡ್‌ರೋವರನ್ನು ಮಾನೆಭಂಜಂಗದ ಬಜಾರಿನಿಂದ ಸಂದಕ್‌ಫೂ ಬೆಟ್ಟದ ತುದಿಗೆ ಓಡಿಸಲು ಶುರು ಮಾಡಿದ್ದು ಮೀಸೆ ಮೂಡುವ ಹೊತ್ತಿಗೆ. ಈಗ ಆ ಮೀಸೆ ಪೂರ್ತಿ ಬೆಳ್ಳಗಾಗಿದೆ. ಅಷ್ಟು ವರ್ಷದಲ್ಲಿ ಸ್ಟೀರಿಂಗನ್ನು ಇನ್ನೊಬ್ಬರ ಕೈಗೆ ಕೊಟ್ಟ ಆಸಾಮಿಯಲ್ಲ. ಹಾಗಾಗಿ ತನ್ನ ಗಾಡಿಯ ಬೆನ್ನಿಗೆ ಕೆಂಪು ದೀಪ ಹತ್ತುವುದನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ನೋಡಿ ಆಗಬೇಕಾದ್ದಾದರೂ ಏನು? ಅದು ಇರುವುದೇ ಹಿಂದೆ ಬರುವವರಿಗೆ.

ಹಿಂದೆ ಬರುವವನೇ ಒಂದು ದಿನ ಬಂದು ಗುದ್ದಿದ. ತುಮ್ಲಿಂಗ್ ಇಳಿಜಾರಿನಲ್ಲಿ ಮಂಜು ಕವಿದು, ಮುಂದಿನ ಗಾಡಿಯ ಕೆಂಪು ದೀಪ ಬಿಟ್ಟರೆ ಇನ್ನೇನೂ ಕಾಣದ ಹೊತ್ತು. ಹಿಂದಿನ ಗಾಡಿಯಿಂದ ತಿಲಕ್ ಪ್ರಧಾನ್ ಕೆಂಡ ಕಾರುತ್ತ ಇಳಿದ. ಹರ್ಖಮಾನನನ್ನು ದಾಜು, ಅಣ್ಣ, ಅಂತ ಕರೆಯುತ್ತ ಅವನ ಮುಂದೆ ಬೆಳೆದ ಹುಡುಗ, ಈಗ ಅವನೂ ಡ್ರೈವರು.

"ದಾಜು, ನೀನು ಬ್ರೇಕ್ ಹಾಕಿದ್ಯಾ?"

"ಹಾಕಿದ್ನಲ್ಲೋ. ನಿನ್ನ ಕಣ್ಣಿಗೇನಾಗಿತ್ತು?"

"ನನ್ನ ಕಣ್ಣು ನೆಟ್ಟಗಿದೆ. ನಿನ್ನ ಲೈಟೇ ಹತ್ತಲಿಲ್ಲ. ಹಿರಿಯ ಅಂತ ಸುಮ್ನಿದೀನಿ, ಬೇರೆಯವನಾಗಿದ್ರೆ ಇಷ್ಟೊತ್ತಿಗೆ ಕಣಿವೆಗೆ ಇಳಿಸಿರ್ತಿದ್ದೆ."

ಮಾತು ಡ್ರೈವರುಗಳ ಸಂಘಕ್ಕೆ ಹೋಯಿತು. ಬೆಟ್ಟಕ್ಕೆ ಬೆಟ್ಟವೇ ಕೆಂಪಾಗುವ ಹಾಗೆ ಗುರಾಂಸ್ ಹೂ ಬಿಡುವ ಕಾಲ ಹತ್ತಿರ ಬಂದಿತ್ತು. ಊರು ವರ್ಷವೆಲ್ಲ ಉಣ್ಣುವುದು ಆ ಹೂ ನೋಡಲು ಬರುವವರಿಂದ. ದೀಪ ಸರಿಯಾಗುವವರೆಗೆ ಹರ್ಖಮಾನನ ಗಾಡಿಗೆ ಬಾಡಿಗೆಯ ಸರದಿ ಇಲ್ಲ ಅಂದರು. ಗಾಡಿ ಬಿಟ್ಟರೆ ಅವನಿಗೆ ಬೇರೆ ಬದುಕು ಗೊತ್ತಿಲ್ಲ. ಮೇಲಿನ ಲಾಡ್ಜುಗಳಿಗೆ ಮೊಟ್ಟೆ ಕಳಿಸುವವರು ಇವತ್ತಿಗೂ ಅವನ ಗಾಡಿಗೇ ಕಾಯುತ್ತಾರೆ, ಯಾಕೆಂದರೆ ಆ ಕಲ್ಲುದಾರಿಯಲ್ಲಿ ಮೊಟ್ಟೆ ಒಡೆಯದೆ ಇಳಿಸುವ ಕಾಲು ಅವನದೊಂದೇ. ಸಣ್ಣ ಗೇರಿಗೆ ಹಾಕಿ ಎಂಜಿನ್ನಿನ ಬಿಗಿಯಲ್ಲೇ ಗಾಡಿ ಇಳಿಸುತ್ತಾನೆ, ಬ್ರೇಕಿಗೆ ಕಾಲು ಸೋಕಿಸುತ್ತಾನೆ ಅಷ್ಟೆ. ತುಳಿಯುವವನು ಡ್ರೈವರೇ ಅಲ್ಲ ಅನ್ನುವುದು ಅವನ ಜಂಬ.

ಆ ಕಾಲಿನದೇ ಇನ್ನೊಂದು ಕತೆ ಇದೆ, ಅದನ್ನೂ ಹೇಳಿಬಿಡಬೇಕು. ಚಳಿಗಾಲದಲ್ಲಿ ಒಂದು ಬೆಳಿಗ್ಗೆ ನಲ್ಲಿಗೆ ಹೋದವನು ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದಿದ್ದ.

"ಏ ಬೂಢಾ, ಇನ್ನೊಂದು ಚಪ್ಪಲಿ ಯಾರಿಗೆ ದಾನ ಮಾಡಿ ಬಂದೆ?" ಅಂದಳು ಹೆಂಡತಿ ಜುನ್‌ಮಾಯಾ. ಮುದುಕ, ಮುದುಕಿ ಅಂತ ಕರೆದುಕೊಳ್ಳುವುದು ಅವರಿಬ್ಬರ ಸಲುಗೆ.

ಅವನು ಬಗ್ಗಿ ನೋಡಿದ. ಬಲಗಾಲು ಬರಿಗಾಲು, ಅದರ ಕೆಳಗೆ ಹಿಮ. "ನಿನಗೇ ಕೊಟ್ಟೆ, ಹುಡುಕಿಕೋ ಹೋಗು ಬೂಢೀ" ಅಂತ ನಗಾಡಿದ. ನಕ್ಕರೂ ಆ ದಿನ ಅವನಿಗೆ ಅನ್ನ ಇಳಿಯಲಿಲ್ಲ. ಡಾಕ್ಟರು ಸಕ್ಕರೆ ಕಾಯಿಲೆ ಅಂದು ಎಷ್ಟೋ ಕಾಲವಾಗಿತ್ತು, ಮಾತ್ರೆ ಡಬ್ಬಿ ದೇವರ ಗೂಡಿನ ಪಕ್ಕ ಧೂಳು ಹಿಡಿದಿತ್ತು. ಆ ಕಾಲಿಗೂ ಈ ದೀಪಕ್ಕೂ ಸಂಬಂಧ ಇದ್ದೀತು ಅನ್ನುವ ಯೋಚನೆ ಒಂದೆರಡು ಸಲ ಬಂದಿತ್ತು. ಬಂದಾಗಲೆಲ್ಲ ಅವನು ಯೋಚನೆಯ ದಾರಿ ಬದಲಿಸಿದ.

ದೂರಲು ಸ್ವಿಚ್ಚು ಇತ್ತಲ್ಲ. ಊರಿನ ಹಳೇ ಗಾಡಿಗಳಿಗೆಲ್ಲ ಅದು ಇದ್ದದ್ದೇ ಕಾಟ. ಬ್ರೇಕ್ ಎಣ್ಣೆಯ ಕೊಳವೆಗೆ ಕೂರಿಸಿದ ಹೆಬ್ಬೆರಳು ಗಾತ್ರದ ಸ್ವಿಚ್ಚು. ಕಾಲು ಒತ್ತಿದರೆ ಎಣ್ಣೆ ಅದನ್ನು ಒತ್ತುತ್ತದೆ, ದೀಪ ಹತ್ತುತ್ತದೆ. ಒಳಗೆ ಎಣ್ಣೆ ಜಿನುಗಿ ಕಪ್ಪು ಕಟ್ಟಿತೋ, ಮನಸ್ಸು ಬಂದಾಗ ಹತ್ತುತ್ತದೆ, ಇಲ್ಲದಿದ್ದರೆ ಇಲ್ಲ.

ಬಜಾರಿನ ಮೇಲ್ತುದಿಯಲ್ಲಿ ಫಿಂಜೋ ಶೆರ್ಪಾನ ಶೆಡ್ಡು. ಫಿಂಜೋ ಹರ್ಖಮಾನನಿಗಿಂತ ಚಿಕ್ಕವನು, ಅವನ ಗಾಡಿಯ ಮೇಲೇ ಕೆಲಸ ಕಲಿತವನು, ಈಗ ಊರಿಗೆಲ್ಲ ಮೆಕ್ಯಾನಿಕ್ಕು. ಬಲ್ಬು ನೋಡಿದ, ವೈರು ಎಳೆದು ನೋಡಿದ. ಸ್ವಿಚ್ಚಿನ ಎರಡು ವೈರುಗಳನ್ನು ನೇರ ಜೋಡಿಸಿದ, ದೀಪ ಧಗ್ಗನೆ ಹತ್ತಿತು. "ಕಳ್ಳ ಸಿಕ್ಕಿಬಿದ್ದ ದಾಜು, ಸ್ವಿಚ್ಚೇ" ಅಂತ ಹೊಸದು ಹಾಕಿದ. ಪೆಡಲಿಗೂ ಸೀಟಿಗೂ ನಡುವೆ ಒಂದು ದೊಣ್ಣೆ ಬಿಗಿದು ಹಿಂದೆ ಹೋಗಿ ನೋಡಿದ. ದೀಪ ಉರಿಯುತ್ತಿತ್ತು. ಹರ್ಖಮಾನ್ ಮೂಲೆಯಲ್ಲಿ ಬೂಟು ಬಿಚ್ಚಿಟ್ಟು, ಕೆಂಡದ ಮುಂದೆ ಬೆನ್ನು ತಿರುಗಿಸಿ ಕೂತಿದ್ದ. ತನ್ನ ಗಾಡಿಯ ಹೊಟ್ಟೆ ಬಗೆಯುವುದನ್ನು ನೋಡಲು ಅವನಿಂದ ಆಗುತ್ತಿರಲಿಲ್ಲ.

ಗಾಡಿ ರಸ್ತೆಗಿಳಿಯಿತು. ಸಂಘದವರು ಹಿಂದೆ ಬೈಕಿನಲ್ಲಿ ಹೋಗಿ ನೋಡಿದರು. ದೀಪ ಹತ್ತಲಿಲ್ಲ.

ಹರ್ಖಮಾನ್ ಮತ್ತೆ ಬೂಟು ಬಿಚ್ಚಿಟ್ಟು ಕೆಂಡದ ಮುಂದೆ ಕೂತ, ಫಿಂಜೋ ಇನ್ನೊಂದು ಸ್ವಿಚ್ಚು ಹಾಕಿದ. ಆ ಸಲ ವೈರು ಬಿಗಿಯುವ ಹಿತ್ತಾಳೆ ನಟ್ಟು ಕೈಜಾರಿ ಎಲ್ಲೋ ಸಿಡಿಯಿತು. ನೆಲಕ್ಕೆ ಕೆನ್ನೆ ಹಚ್ಚಿ ಹುಡುಕಿದ, ಕೆಂಡದ ಬೂದಿ ಕೆದಕಿದ, ಸಿಗಲಿಲ್ಲ. "ದರಿದ್ರದ್ದು, ನೆಲ ನುಂಗಿತೇನೋ" ಅಂತ ಬೈದು ಬೇರೆ ಹಾಕಿದ. ಶೆಡ್ಡಿನಲ್ಲಿ ದೀಪ ಹತ್ತಿತು. ರಸ್ತೆಯಲ್ಲಿ ಮತ್ತೆ ಅದೇ ರಾಗ.

ಕೊನೆಗೆ ತೆಗೆದು ಹಾಕಿದ್ದ ಸ್ವಿಚ್ಚುಗಳನ್ನು ಗರಗಸದಲ್ಲಿ ಸೀಳಿ ನೋಡಿದ ಫಿಂಜೋ. ಹಳೆಯದರ ಒಳಗೆ ಕಪ್ಪು ಮಸಿ, ಸರಿ. ಎರಡನೆಯದು, ತಾನೇ ಹೊಸದಾಗಿ ಹಾಕಿ ತೆಗೆದದ್ದು, ಒಳಗೆ ಕನ್ನಡಿಯಂತಿತ್ತು. ಅಂದರೆ ತಪ್ಪು ಸ್ವಿಚ್ಚಿನದಲ್ಲ. ಆಮೇಲೆ ದೊಣ್ಣೆ ಪಕ್ಕಕ್ಕಿಟ್ಟು ಕರೆದ.

"ದಾಜು, ಇವತ್ತು ನೀನೇ ಸೀಟಲ್ಲಿ ಕೂತು ಒತ್ತು. ನಾನು ಹಿಂದೆ ನಿಂತು ನೋಡ್ತೀನಿ."

ಹರ್ಖಮಾನ್ ಬೂಟು ಹಾಕಿಕೊಂಡೇ ಹತ್ತಿ ಕೂತ.

"ಒತ್ತು ದಾಜು."

"ಒತ್ತಿದೀನಲ್ಲೋ."

"ಇನ್ನೂ ಒತ್ತು."

"ಇನ್ನೇನು, ಪೆಡಲ್ ಕಿತ್ತು ಕೈಗೆ ಬರಬೇಕಾ?"

ಫಿಂಜೋ ಸುತ್ತಿ ಮುಂದೆ ಬಂದ, ಬಾಗಿಲ ಬಳಿ ಮಂಡಿಯೂರಿದ, ಪೆಡಲಿನ ಮೇಲೆ ತನ್ನ ಅಂಗೈ ಇಟ್ಟ. "ನನ್ನ ಕೈ ಮೇಲೆ ಒತ್ತು."

"ಹುಚ್ಚಾ ನಿನಗೆ? ಬೆರಳು ಮುರಿದುಹೋಗುತ್ತೆ."

"ಮುರೀಲಿ. ಒತ್ತು."

ಹರ್ಖಮಾನ್ ಹಲ್ಲು ಕಚ್ಚಿ ಒತ್ತಿದ. ತೊಡೆ ನಡುಗಿತು, ಹಣೆಯಲ್ಲಿ ಬೆವರು ಬಂತು. ಫಿಂಜೋನ ಮುಖದಲ್ಲಿ ನೋವೇ ಇರಲಿಲ್ಲ. ಅಂಗೈ ತೆಗೆಯಲೂ ಇಲ್ಲ. ಮಗುವಿನ ಕಾಲು ಹಿಡಿದವನ ಹಾಗೆ ಹಿಡಿದುಕೊಂಡೇ ತಲೆ ಬಗ್ಗಿಸಿದ.

"ಇಷ್ಟೇನಾ ದಾಜು?"

ತಾನು ಎಷ್ಟು ಒತ್ತುತ್ತಿದ್ದೇನೆ ಅನ್ನುವುದು ಹರ್ಖಮಾನನಿಗೇ ತಿಳಿಯುತ್ತಿರಲಿಲ್ಲ. ಮೊಟ್ಟೆ ಒಡೆಯದ ಕಾಲು ಅಂತ ಊರು ಹೊಗಳುತ್ತಿದ್ದಾಗ ಆ ಕಾಲು ಯಾವ ದಿನದಿಂದ ಮೆತ್ತಗಾಗುವುದು ಬಿಟ್ಟು ಸತ್ತುಹೋಗಲು ಹೊರಟಿತೋ, ಅವನಿಗೂ ಗೊತ್ತಿಲ್ಲ, ಸೊಗಸಾಗಿ ಇಳಿಸಿದೆ ಅಂತ ಬೆನ್ನು ತಟ್ಟಿದವರಿಗೂ ಗೊತ್ತಾಗಲಿಲ್ಲ.

ಫಿಂಜೋ ಬೂಟಿನ ಲಾಡಿ ಬಿಚ್ಚಿದ. ಕಾಲುಚೀಲದ ಅಡಿ ರಕ್ತ ಒಣಗಿ ಅಟ್ಟೆಯಾಗಿತ್ತು. ಬೂಟು ಬೋರಲು ಮಾಡಿದರೆ ಹಿತ್ತಾಳೆ ನಟ್ಟು ಟಣ್ಣನೆ ಬಿತ್ತು. ಕಳೆದ ಸಲ ಹುಡುಕಿ ಹುಡುಕಿ ಬೈದ ನಟ್ಟು ಅದೇ. ಅದನ್ನು ತುಳಿದುಕೊಂಡೇ ಹರ್ಖಮಾನ್ ಅಷ್ಟು ದಿನ ಊರೆಲ್ಲ ಓಡಾಡಿದ್ದ.

ಹರ್ಖಮಾನ್ ಆ ನಟ್ಟನ್ನು ಕೈಗೆ ತೆಗೆದುಕೊಂಡ. ಅವನ ದನಿ ಯಾರ ಮುಂದೆಯೂ ಅಷ್ಟು ಇಳಿದಿರಲಿಲ್ಲ.

"ಫಿಂಜೋ, ಪೆಡಲಿಗೇ ಕಟ್ಟೋ ಸ್ವಿಚ್ಚು ಬರುತ್ತಲ್ಲ, ಸೋಕಿದ್ರೆ ಸಾಕು ಹತ್ತುತ್ತೆ. ಅದು ಹಾಕಿಕೊಡು. ಇದೊಂದು ಗುರಾಂಸ್ ಕಾಲ ಮುಗೀಲಿ. ಆಮೇಲೆ ನಾನೇ ಬಿಡ್ತೀನಿ."

"ಹಾಕಬಹುದು ದಾಜು. ಅರ್ಧ ಗಂಟೆ ಕೆಲಸ."

"ಮತ್ತೆ ಹಾಕು."

"ಹಾಕಿದ್ರೆ ದೀಪ ಹತ್ತುತ್ತೆ. ಗಾಡಿ ನಿಲ್ಲುತ್ತಾ?"

ಹರ್ಖಮಾನ್ ಪೆಡಲಿನ ಕಡೆ ನೋಡಿದ.

"ವಾರದ ಸಂತೆಗೆ ಹೋಗೋವಾಗ ನಿನ್ನ ಪಕ್ಕ ಜುನ್‌ಮಾಯಾ ಭಾವುಜು ಕೂತಿರ್ತಾಳೆ. ಅವಳ ಮುಖ ನೆನೆಸಿಕೊಂಡು ಹಾಕು ಅನ್ನು, ಈಗಲೇ ಹಾಕ್ತೀನಿ."

ಹರ್ಖಮಾನನಿಗೆ ಸಿಟ್ಟು ಬಂತು. ಇವನಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದ್ದು ಈ ಗಾಡಿ, ಈಗ ನನಗೇ ಬುದ್ಧಿ ಹೇಳುತ್ತಾನೆ ಅನಿಸಿತು. ಬಾಯಿ ತುಂಬ ಬೈಗುಳ ಬಂದವು, ಆದರೆ ಅದಕ್ಕೂ ಮುಂಚೆ ಕಣ್ಣು ತುಂಬಿ ಬಂತು. ಅಳು ತಡೆಯಲು ಸ್ಟೀರಿಂಗ್ ಹಿಡಿದ. ಅದು ಅವನ ಅಂಗೈ ಸವೆಸಿದ ಜಾಗದಲ್ಲೇ ಅಂಗೈಗೆ ಕೂತಿತು.

ಫಿಂಜೋ ಬಿಸಿನೀರು ತಂದು ಅಂಗಾಲು ತೊಳೆದ, ಬಟ್ಟೆ ಸುತ್ತಿದ. ನೀರು ಸುಡುತ್ತಿದೆಯಾ ಅಂತ ಕೇಳಲು ಹೋಗಿ ಬಾಯಿ ಮುಚ್ಚಿಕೊಂಡ.

ಹರ್ಖಮಾನ್ ಕೆಳಗಿಳಿದು ಬೀಗದಕೈ ಚಾಚಿದ. "ನೀನೇ ಮನೆಗೆ ಮುಟ್ಟಿಸು."

"ಪಕ್ಕದಲ್ಲಿ ಕೂತ್ಕೋ ದಾಜು. ಈ ಕಾಲಲ್ಲಿ ನಡೀಬೇಡ."

"ಆ ಸೀಟಲ್ಲಿ ನಾನು ಕೂತವನಲ್ಲ. ನಡೀತೀನಿ. ನೋಯಲ್ಲ ಬಿಡು."

ಸಂಜೆಗೆ ಮುಂಚೆಯೇ ಮಂಜು ಬಜಾರಿಗೆ ಇಳಿದಿತ್ತು. ಫಿಂಜೋ ನಡಿಗೆಯ ವೇಗದಲ್ಲೇ ಗಾಡಿ ಇಳಿಸಿದ. ಹಿಂದೆ ಹರ್ಖಮಾನ್, ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಬಟ್ಟೆ. ಬೌದ್ಧರ ಗೋಂಪಾದ ತಿರುವಿನಲ್ಲಿ ಗಾಡಿ ತುಸು ತಡೆಯಿತು, ಮಂಜಿನೊಳಗೆ ಕೆಂಪು ದೀಪ ಹತ್ತಿತು. ಅವನು ನಿಂತುಬಿಟ್ಟ. ದೀಪ ಆರಿತು. ಚಹಾ ಅಂಗಡಿಯ ಮುಂದೆ ಮತ್ತೆ ಹತ್ತಿತು, ಸೇತುವೆಯ ಹತ್ತಿರ ಮತ್ತೆ. ಒಂದು ಸಲವೂ ತಪ್ಪಲಿಲ್ಲ. ಎಷ್ಟು ಚೆನ್ನಾಗಿ ಉರಿಯುತ್ತದೆ ಅನಿಸಿತು ಅವನಿಗೆ.

ಮನೆ ಬಾಗಿಲಲ್ಲಿ ನಿಂತ ಜುನ್‌ಮಾಯಾ ಮೊದಲು ನೋಡಿದ್ದು ಸ್ಟೀರಿಂಗ್ ಹಿಂದಿನ ಫಿಂಜೋನನ್ನು. ಆಮೇಲೆ ಮಂಜಿನಿಂದ ಕುಂಟುತ್ತ ಬಂದ ಗಂಡನನ್ನು, ಅವನ ಕಾಲಿನ ಬಟ್ಟೆಯನ್ನು. ಹೋಗಿ ಅವನ ತೋಳಿನ ಕೆಳಗೆ ಹೆಗಲು ಕೊಟ್ಟಳು.

"ದೀಪ ಸರಿಯಾಯ್ತಾ ಬೂಢಾ?"

"ಸರಿಯಾಗೇ ಇತ್ತು ಬೂಢೀ" ಅಂದ ಅವನು.