‘ಇಲ್ಲೇ’ ಎಂಬ ಅಳತೆ

ನನ್ನ ವಿದ್ಯುತ್ ಸ್ಕೂಟರಿನ ಪರದೆಯ ಮೇಲೆ ಮೂಡುವ ಕಿಲೋಮೀಟರುಗಳ ಅಂಕಿಯನ್ನು ನಾನು ದಿನಾ ಬೆಳಿಗ್ಗೆ ಪಂಚಾಂಗ ನೋಡುವವರ ಶ್ರದ್ಧೆಯಿಂದಲೇ ನೋಡುತ್ತೇನೆ. ಎರಡರ ಫಲವೂ ಹೆಚ್ಚುಕಡಿಮೆ ಒಂದೇ. ಒಮ್ಮೆ ಚಾರ್ಜು ಮಾಡಿದರೆ ‘ನೂರು’ ಓಡುತ್ತದೆ ಎಂದು ಮಾರಿದವರು ಹೇಳಿದ್ದರು. ನೌಬಾದದ ಮನೆಯಿಂದ ಹಲಬರ್ಗಾದ ಶಾಲೆಗೆ ನಿತ್ಯ ಹೋಗಿಬರುವ ಮೇಷ್ಟ್ರು ನಾನು. ನನ್ನ ದೇಹದ ಭಾರ, ಬುತ್ತಿಯ ಭಾರ, ಎದುರುಗಾಳಿ, ತಿದ್ದಬೇಕಾದ ಉತ್ತರಪತ್ರಿಕೆಗಳಲ್ಲಿ ತುಂಬಿತುಳುಕುವ ಅಜ್ಞಾನದ ಭಾರ ಎಲ್ಲವೂ ಕೂಡಿ ಆ ನೂರು ಅರವತ್ತಕ್ಕೆ ಇಳಿಯುತ್ತದೆ. ಆದರೂ ಸಹೋದ್ಯೋಗಿಗಳೆದುರು “ನಮ್ಮ ರೇಂಜೇ ಬೇರೆ” ಎಂದು ಎದೆಯುಬ್ಬಿಸುವುದನ್ನು ನಾನು ಬಿಟ್ಟವನಲ್ಲ.

ಆ ಎದೆಯ ಗಾಳಿ ಇಳಿದದ್ದು ತಂಗಿಯ ಮಗಳು ಸಾಕ್ಷಿಯ ಕಿವಿ ಚುಚ್ಚುವ ದಿನ. ನಮ್ಮಲ್ಲಿ ಈ ಶಾಸ್ತ್ರಕ್ಕೆ ಸೂಜಿಗಿಂತಲೂ ಅನಿವಾರ್ಯವಾದ ಸಲಕರಣೆ ಸೋದರಮಾವನ ತೊಡೆ. ಮಗು ಅದರ ಮೇಲೆ ಕೂತೇ ಚುಚ್ಚಿಸಿಕೊಳ್ಳಬೇಕು. ತಂಗಿಯ ಮನೆ ಠಾಣಾ ಕುಶನೂರಿನಲ್ಲಿ. “ಅಣ್ಣಾ, ಸುಮ್ನ ಬಸ್ಸಿಗಿ ಬಾ. ಕಿವಿ ಚುಚ್ಚೋ ಪತ್ತಾರ ಹನ್ನೊಂದಕ್ಕ ಬರ್ತಾನ, ಆಮ್ಯಾಲ ಔರಾದಕ ಹೋಗಾಂವ ಅದಾನ” ಎಂದು ಆಕೆ ಮೊದಲೇ ಎಚ್ಚರಿಸಿದ್ದಳು. ಬಸ್ಸಿನಲ್ಲಿ ಹೋದರೆ ಸ್ಕೂಟರನ್ನು ಬೀಗರಿಗೆ ತೋರಿಸುವುದು ಹೇಗೆ, ನೀವೇ ಹೇಳಿ! ಹೊರಟೆ, ಅದೂ ಮಗುವಿಗೊಂದು ಫ್ರಾಕು ಕೊಳ್ಳುವ ನೆಪದಲ್ಲಿ ಭಾಲ್ಕಿಯ ಮೇಲೆ ಸುತ್ತು ಹಾಕಿ.

ಭಾಲ್ಕಿ ದಾಟಿ ಬಹಳ ಹೊತ್ತಾದ ಮೇಲೆ ಪರದೆ ಕೆಂಪಾಯಿತು. ರಸ್ತೆಬದಿಯ ಚಹಾದಂಗಡಿಯಲ್ಲಿ ಅರ್ಧ ಗಂಟೆ ಚಾರ್ಜು ಮಾಡಿಕೊಳ್ಳೋಣವೇ ಎಂದು ಯೋಚಿಸುತ್ತ, ಅಲ್ಲೇ ಕುರಿ ನಿಲ್ಲಿಸಿಕೊಂಡಿದ್ದವನೊಬ್ಬನನ್ನು ಕುಶನೂರು ಇನ್ನೆಷ್ಟು ದೂರವೆಂದು ಕೇಳಿದೆ. “ಇಲ್ಲೇ ಅದ ಹೋಗ್ರಿ ಸರ, ಇಲ್ಲೇ!” ಎಂದ. ನಮ್ಮ ಸೀಮೆಯಲ್ಲಿ ಗೋಡೆಯಾಚೆಯ ಮನೆಯೂ ಇಲ್ಲೇ, ಗಡಿಯಾಚೆಯ ಉದಗೀರವೂ ಇಲ್ಲೇ. ಇದನ್ನು ಬಲ್ಲ ಬೀದರಿನವನಾಗಿಯೂ ನಾನು ನಂಬಿ, ಚಾರ್ಜು ಮಾಡದೆಯೇ ಹೊರಟೆ. ಅಷ್ಟೇ ಅಲ್ಲ, ಆಗಲೇ ಫೋನು ಮಾಡಿದ ತಂಗಿಗೆ, “ಇಲ್ಲೇ ಬಂದೀನಿ” ಎಂದು ಆ ಬಿಸಿಬಿಸಿ ಸುಳ್ಳನ್ನು ದಾಟಿಸಿಯೂ ಬಿಟ್ಟೆ.

ಸದ್ದಿಲ್ಲದೆ ಓಡುವುದು ಈ ವಾಹನದ ಹೆಚ್ಚುಗಾರಿಕೆ. ಸ್ವಲ್ಪ ದೂರದಲ್ಲಿ ಅದು ಸದ್ದಿಲ್ಲದೆಯೇ ಸತ್ತಿತು. ಏದುಸಿರು ಬಿಡುತ್ತ ತಳ್ಳುತ್ತಿದ್ದಾಗ, ತಲೆಯ ಮೇಲೆ ಗಂಟು ಹೊತ್ತು ಅದೇ ಊರಿಗೆ ನಡೆದಿದ್ದ ಮುದುಕಿಯೊಬ್ಬಳು ಜೊತೆಯಾದಳು.

“ಯಪ್ಪಾ, ಇಷ್ಟ ಛಂದ ಗಾಡಿ ಇಟಗೊಂಡು ನಡಕೋತ ಹೊಂಟೀಯಲ್ಲೋ! ಎಣ್ಣಿ ತೀರ್ತೇನು?”

“ಎಣ್ಣಿದಲ್ಲ ಆಯಿ, ಕರೆಂಟಿಂದು.”

“ನಮ್ಮ ಮನಿಗೇ ಕರೆಂಟ ಬರವಲ್ದು, ನಿನ್ನ ಗಾಡಿಗಿ ಎಲ್ಲಿಂದ ಬರಬೇಕು? ಖಾಲಿ ಯಾಕ ದೂಡ್ತಿ, ನನ್ನ ಗಂಟರೆ ಇಡು” ಎಂದವಳೇ ತೊಗರಿಬೇಳೆಯ ಗಂಟನ್ನು ಸೀಟಿನ ಮೇಲೆ ಕೂರಿಸಿ, ಕೈ ಬೀಸಿಕೊಂಡು ನನಗಿಂತ ಮುಂದೆ ನಡೆದಳು. ಆ ದಿನ ನನ್ನ ಸ್ಕೂಟರಿನಲ್ಲಿ ಸುಖವಾಗಿ ಸವಾರಿ ಮಾಡಿದ್ದು ತೊಗರಿಬೇಳೆ ಮಾತ್ರ.

ಮುಟ್ಟಿದಾಗ ಒಂದು ಗಂಟೆ. “ನಿನ್ನ ‘ಇಲ್ಲೇ’ಕ ಬೆಂಕಿ ಹಚ್ಚ! ಪತ್ತಾರ ಎರಡ ಸಲ ಎದ್ದು ನಿಂತಾನ” ಎಂದು ತಂಗಿ ಮೈಮೇಲೆಯೇ ಬಂದಳು. ಅವಳ ಮಾವನವರು ತಮ್ಮ ತೊಡೆ ಒಡ್ಡಿದ್ದರಂತೆ. ಸಾಕ್ಷಿ ಒಪ್ಪಲಿಲ್ಲ. “ಮಾಮಾ ಇಲ್ಲೇ ಬಂದಾನ, ನಾ ಅವನ ತೊಡಿ ಮ್ಯಾಲೇ ಕೂಡ್ತೇನಿ” ಎಂದು ಹೊಸ್ತಿಲ ಮೇಲೆ ಕೂತವಳು ಎದ್ದಿರಲಿಲ್ಲ, ಉಣ್ಣಲೂ ಇಲ್ಲ. ಆ ಮಾತನ್ನು ಅಕ್ಷರಶಃ ನಂಬಿದ್ದು ಇಡೀ ಊರಿನಲ್ಲಿ ಅವಳೊಬ್ಬಳೇ. ನನಗೆ ನಿಜಕ್ಕೂ ನಾಚಿಕೆಯಾಯಿತು. ಅವಳು ಬಂದು ತೊಡೆಯೇರಿದಳು. ಸೂಜಿ ತಾಗಿದಾಗ ಕಿರುಚಿ ನನ್ನ ಕೈಯನ್ನೇ ಕಚ್ಚಿದಳು. ನನ್ನ ಕಣ್ಣುಗಳೂ ಒದ್ದೆಯಾದವು. ಕಚ್ಚಿದ್ದರಿಂದಾಗಿ ಕಾರಣ ಹೇಳುವುದು ಸುಲಭವಾಯಿತು.

ಈಗಲೂ ಬೆಳಿಗ್ಗೆ ಆ ಅಂಕಿಯನ್ನು ನೋಡುತ್ತೇನೆ, ನಲವತ್ತನ್ನು ಮನಸ್ಸಿನಲ್ಲೇ ಕಳೆಯುತ್ತೇನೆ. ಕುಶನೂರಿಗೆ ಹೊರಟ ದಿನ ಸಾಕ್ಷಿ ಫೋನು ಮಾಡಿ “ಮಾಮಾ, ಎಲ್ಲಿದ್ದಿ?” ಎಂದರೆ ಗಾಡಿ ನಿಲ್ಲಿಸಿ, ಮೈಲಿಗಲ್ಲು ನೋಡಿ, “ಇನ್ನ ಹದಿನೆಂಟ ಕಿಲೋಮೀಟರ ಅದ” ಎಂದು ಸತ್ಯವನ್ನೇ ನುಡಿಯುತ್ತೇನೆ. ಆಕೆ ಫೋನು ಹಿಡಿದುಕೊಂಡೇ ಒಳಗೆ ಓಡುವುದು ಕೇಳಿಸುತ್ತದೆ:

“ಅವ್ವಾ, ಮಾಮಾ ಇಲ್ಲೇ ಅದಾನಂತ!”