ಚುಕ್ಕಿಯಕ್ಕನ ವೇಷದ ಪುಸ್ತಕ

ಗಡಿಯಾರ ರಿಪೇರಿ ಅಂಗಡಿಯ ಪಕ್ಕದ ಮೆಟ್ಟಿಲು ಹಿಡಿದು ಎರಡು ಮಹಡಿ ಹತ್ತಿದರೆ ಒಂದು ಹಸಿರು ಬಾಗಿಲು. ಒಳಗೆ ಎರಡು ಕೋಣೆ, ಮೂರು ಮೇಜು, ಸದಾ ಬೀಗ ಹಾಕಿರುವ ಒಂದು ಕಬ್ಬಿಣದ ಕಪಾಟು. ಗಂಡ ಹೆಂಡಿರ ಜಗಳ, ಅತ್ತೆ ಸೊಸೆಯ ಮುನಿಸು, ಬಾಯಿ ಬಿಡದ ಮಕ್ಕಳು, ಇವರನ್ನೆಲ್ಲ ಎದುರು ಕೂರಿಸಿಕೊಂಡು ಕೇಳಿ ಸರಿಮಾಡುವ ವೈದ್ಯರು ತಮ್ಮ ಸಂಶೋಧನೆಯನ್ನು ಬರೆದು ಕಳಿಸುತ್ತಾರಲ್ಲ, ಅದು ಮೂರು ತಿಂಗಳಿಗೊಮ್ಮೆ ಪತ್ರಿಕೆಯಾಗಿ ಹೊರಡುವುದು ಇಲ್ಲಿಂದ. ಅದರ ಕೊನೆಯ ಪ್ರೂಫ್ ನೋಡುವವಳು ಚುಕ್ಕಿಯಕ್ಕ. ಲೆಕ್ಕದ ಪಟ್ಟಿಯಲ್ಲಿ ಒಂದು ದಶಮಾಂಶದ ಚುಕ್ಕಿ ಬಿಟ್ಟುಹೋದರೂ ಹಿಡಿಯುತ್ತಾಳೆ ಎಂದು ಯಾರೋ ಇಟ್ಟ ಹೆಸರು. ಇಪ್ಪತ್ತೆರಡು ವರ್ಷದಲ್ಲಿ ಅದೇ ಹೆಸರಾಗಿ ನಿಂತುಬಿಟ್ಟಿತು.

ಇವಳಿಗೆ ಸಿಟ್ಟು ಬಂದದ್ದನ್ನು ಆ ಕಟ್ಟಡದಲ್ಲಿ ಯಾರೂ ಕಂಡವರಿರಲಿಲ್ಲ. ಕೆಳಗಿನ ಗಡಿಯಾರದವನಂತೂ, ಈಯಮ್ಮನಿಗೆ ಕೀಲಿ ಕೊಡೋದನ್ನೇ ದೇವರು ಮರೆತಿದ್ದಾನೆ ಅನ್ನುತ್ತಿದ್ದ. ಒಂದು ದಿನ ಬಂತು ನೋಡಿ ಸಿಟ್ಟು, ಎರಡು ಮಹಡಿ ಕೆಳಗೆ ಇದ್ದ ಅವನಿಗೂ ಕೇಳಿಸಿತು.

ಅದನ್ನು ಹೇಳುವ ಮೊದಲು ಅವಳ ಇನ್ನೊಂದು ಕೆಲಸ ಹೇಳಬೇಕು. ಆ ಲೇಖನಗಳಲ್ಲಿ ನಿಜವಾದ ಮನೆಗಳ ಕಥೆಗಳು ಬರುತ್ತವೆ. ಚಿಕಿತ್ಸೆಗೆ ಬಂದವರು ಒಪ್ಪಿ ರುಜು ಹಾಕಿರುತ್ತಾರೆ, ಆದರೆ ಓದಿದವರಿಗೆ ಇದು ಇಂಥವರ ಮನೆ ಎಂದು ಗೊತ್ತಾಗಬಾರದು. ಅದಕ್ಕಾಗಿ ಆ ಕಚೇರಿಯಲ್ಲಿ ಒಂದು ಪದ್ಧತಿ ಇತ್ತು: ಮನೆಗೆ ವೇಷ ಹಾಕುವುದು. ಬೇಕರಿಯವನು ಬಸ್ ಡ್ರೈವರ್ ಆಗುತ್ತಾನೆ, ಇಬ್ಬರು ಗಂಡುಮಕ್ಕಳು ಒಬ್ಬಳು ಮಗಳಾಗುತ್ತಾರೆ, ಕುಂಟುವ ಮಾವ ಕಿವುಡಿ ಅತ್ತೆಯಾಗುತ್ತಾನೆ. ಹೊರಗಿನದೆಲ್ಲ ಬದಲಾಗಬೇಕು. ಆದರೆ ಅವರು ಆಡಿದ ಮಾತಿನಲ್ಲಿ ಒಂದಕ್ಷರವೂ ಆಚೀಚೆ ಆಗಬಾರದು, ಯಾಕೆಂದರೆ ಸಂಶೋಧನೆ ಇರುವುದೇ ಆ ಮಾತಿನಲ್ಲಿ.

ಈ ವೇಷ ಹಾಕುವ ಕೈ ಚುಕ್ಕಿಯಕ್ಕನದು. ಅದಕ್ಕೊಂದು ದಪ್ಪ ರಟ್ಟಿನ ಪುಸ್ತಕ. ಪುಟದ ಎಡಗಡೆ ನಿಜ, ಬಲಗಡೆ ವೇಷ. ಬರೆಯುವಾಗಲೂ ಎಡಗಡೆಯ ಮೇಲೊಂದು ರಟ್ಟಿನ ಪಟ್ಟಿ ಮುಚ್ಚಿಕೊಂಡೇ ಬರೆಯುವಳು, ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ. ಅವಳೇ ಮಾಡಿಕೊಂಡ ಒಂದು ನಿಯಮವೂ ಇತ್ತು: ವೇಷಕ್ಕೆ ಬೇಕಾದ್ದನ್ನು ಒಂದೇ ಮನೆಯಿಂದ ತರಬಾರದು. ಮೂಗು ಒಬ್ಬರದು, ಮೆಟ್ಟಿಲು ಇನ್ನೊಬ್ಬರದು, ಬೆಕ್ಕು ಮತ್ತೊಬ್ಬರದು. ಹೀಗೆ ಕಲಸಿದರೆ ಯಾರ ಮನೆಯೂ ಆಗುವುದಿಲ್ಲ.

ಕಳೆದ ಸಂಚಿಕೆಯ ಹೊತ್ತಿಗೆ ಆದದ್ದಿಷ್ಟು. ಒಬ್ಬ ಲೇಖಕರು ಮೂರು ಕುಟುಂಬಗಳ ಲೇಖನವನ್ನು ಹತ್ತು ದಿನ ತಡವಾಗಿ ಕೊಟ್ಟರು. ಅಚ್ಚಿನ ಮನೆಯವರು ಬಾಗಿಲಲ್ಲಿ ಕಾಯುತ್ತಿದ್ದರು. ಎರಡು ಮನೆಗೆ ನಿಧಾನವಾಗಿ ವೇಷ ಹಾಕಿ ಮುಗಿಸಿದ್ದಳು. ಮೂರನೆಯದಕ್ಕೆ ಉಳಿದದ್ದು ಹತ್ತು ನಿಮಿಷ. ಹಿಂದಿನ ದಿನ ತಂಗಿಯ ಮನೆಯಲ್ಲಿ ಊಟ ಮಾಡಿ ಬಂದಿದ್ದಳು, ಕಣ್ಣಲ್ಲಿ ಆ ಮನೆಯೇ ಕೂತಿತ್ತು. ಸರಸರನೆ ಬರೆದಳು: ಗಂಡ ಕುರ್ಚಿ ಸೋಫಾಗಳಿಗೆ ಬಟ್ಟೆ ಹೊಲಿದು ಕೂರಿಸುವವನು, ಬಲಗೈ ಹೆಬ್ಬೆರಳಿನ ತುದಿ ಇಲ್ಲ. ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸ. ಅತ್ತೆ ಮಹಡಿ ಮೇಲೆ, ಬಿಸಿನೀರು ಬೇಕಾದರೆ ಕೋಲಿನಿಂದ ನೆಲ ಕುಟ್ಟುತ್ತಾಳೆ. ಮಗಳು ಕಿಟಕಿಯ ಹತ್ತಿರ ನಿಂತೇ ಊಟ ಮಾಡುತ್ತಾಳೆ. ಕೆಳಗೆ, ಆ ಮೂರನೇ ಮನೆಯ ಹೆಂಗಸು ಚಿಕಿತ್ಸೆಯಲ್ಲಿ ಆಡಿದ ಮಾತು ಇದ್ದ ಹಾಗೇ ಅಚ್ಚಾಯಿತು: "ಅವರು ಮನೆಗೆ ಬಂದ ಸದ್ದಾದ್ರೆ ಸಾಕು, ನನ್ನ ಭುಜ ತಾನಾಗೇ ಮೇಲೆದ್ದುಬಿಡುತ್ತೆ. ಹನ್ನೆರಡು ವರ್ಷದಿಂದ ಹೀಗೇ."

ಒಂದೂವರೆ ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ತಂಗಿ ಮೆಟ್ಟಿಲು ಹತ್ತಿ ಬಂದಳು. ಆ ಕಚೇರಿಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಕೂರು ಅಂದರೆ ಕೂರಲಿಲ್ಲ. ಪತ್ರಿಕೆಯನ್ನು ಮೇಜಿನ ಮೇಲೆ ಬಿಡಿಸಿಟ್ಟು ಪುಟದ ಮೇಲೆ ಬೆರಳಿಟ್ಟಳು.

"ಇದು ಯಾರ ಮನೆ, ಅಕ್ಕ?"

ಚುಕ್ಕಿಯಕ್ಕ ಎರಡು ಸಾಲು ಓದಿದಳು. ಕುರ್ಚಿ ಎಳೆದುಕೊಂಡು ತಾನೇ ಕೂತಳು.

ತಂಗಿಯ ಗಂಡ ಒಂದು ಆಪ್ತಸಲಹಾ ಕೇಂದ್ರದಲ್ಲಿ ಆರು ಕುರ್ಚಿಗಳಿಗೆ ಹೊಸ ಬಟ್ಟೆ ಹಾಕಲು ಹೋಗಿದ್ದನಂತೆ. ಅಲ್ಲಿ ಕಾಯುವವರಿಗೆಂದು ಇಟ್ಟ ಮೇಜಿನ ಮೇಲೆ ಈ ಪತ್ರಿಕೆ. ನಮ್ಮ ಅತ್ತಿಗೆ ತಿದ್ದಿದ್ದು ಅಂತ ಅಲ್ಲಿದ್ದವರಿಗೆಲ್ಲ ತೋರಿಸಿ, ಎದೆ ಉಬ್ಬಿಸಿಕೊಂಡು ಬಿಡಿಸಿದ್ದಾನೆ. ಬಿಡಿಸಿದ ಪುಟದಲ್ಲಿ ಅವನ ಹೆಬ್ಬೆರಳು, ಅವನ ತಾಯಿಯ ಕೋಲು, ಅವನ ಮಗಳು. ಅದರ ಕೆಳಗೆ ಆ ಭುಜದ ಮಾತು. ಹೆಂಡತಿ ತನಗೆ ಹೇಳದೆ ಯಾರೋ ವೈದ್ಯರ ಮುಂದೆ ಕೂತು ತನ್ನ ಬಗ್ಗೆ ಹೀಗೆ ಹೇಳಿಬಂದಿದ್ದಾಳೆ ಎಂದು ಅವನು ತಿಳಿದದ್ದರಲ್ಲಿ ಆಶ್ಚರ್ಯವೇನಿದೆ.

ಅಂದಿನಿಂದ ಮನೆಗೆ ಬಂದಾಗಲೆಲ್ಲ ಬಾಗಿಲಲ್ಲೇ ನಿಂತು ಹೆಂಡತಿಯ ಭುಜ ನೋಡುವುದು. ಅವಳಿಗೋ, ನೋಡುತ್ತಿದ್ದಾರೆ ಎಂದು ಗೊತ್ತಾದ ಮೇಲೆ ಹಾಳು ಭುಜ ನಿಜವಾಗಿಯೇ ಮೇಲೇಳುತ್ತಿತ್ತು. ನಾಲ್ಕು ದಿನ ನೋಡಿದ. ಐದನೇ ದಿನದಿಂದ ಕೆಲಸದ ಶೆಡ್ಡಿನಲ್ಲೇ ಮಲಗಲು ಶುರುಮಾಡಿದ. ಈಗ ಹನ್ನೊಂದು ದಿನ. ಮೇಲಿಂದ ಅತ್ತೆ ಕೋಲು ಕುಟ್ಟಿ ಮಗ ಎಲ್ಲಿ ಅಂತ ಕೇಳುತ್ತಾಳೆ. ಇನ್ನೊಂದು ವಾರ ಹೀಗಾದರೆ ತಾಯಿಯನ್ನೂ ಕರೆದುಕೊಂಡು ಬೇರೆ ಮನೆ ಮಾಡುತ್ತೇನೆ ಎಂದು ಹೇಳಿ ಕಳಿಸಿದ್ದಾನೆ.

"ನಾನು ಎಲ್ಲೂ ಹೋಗಿಲ್ಲ, ಯಾರಿಗೂ ಹೇಳಿಲ್ಲ ಅಂದ್ರೆ ನಂಬಲ್ಲ," ಅಂದಳು ತಂಗಿ. "ನಿಮ್ಮಕ್ಕ ಸುಳ್ಳು ಅಚ್ಚು ಹಾಕಿಸ್ತಾಳಾ ಅಂತಾರೆ. ನೀನು ಒಳ್ಳೇ ಕೆಲಸಗಾರ್ತಿ ಆಗಿದ್ದಕ್ಕೆ ನನ್ನ ಸಂಸಾರ ಬೀದಿಗೆ ಬಂತು."

ಚುಕ್ಕಿಯಕ್ಕ ಅವತ್ತೇ ಶೆಡ್ಡಿಗೆ ಹೋದಳು. ತಂಗಿಯ ಗಂಡ ಬಾಯಿತುಂಬ ಸಣ್ಣ ಮೊಳೆ ಇಟ್ಟುಕೊಂಡು ಒಂದೊಂದನ್ನೇ ತೆಗೆದು ಕುರ್ಚಿಗೆ ಹೊಡೆಯುತ್ತಿದ್ದ. ಅವಳು ಎಲ್ಲವನ್ನೂ ಹೇಳಿದಳು. ವೇಷದ ಪದ್ಧತಿ, ಹತ್ತು ನಿಮಿಷ, ತನ್ನ ತಪ್ಪು. ಅವನು ಹೊಡೆಯುತ್ತಲೇ ಇದ್ದ. ಮೊಳೆಯೆಲ್ಲ ಮುಗಿದ ಮೇಲೆ ಬಾಯಿ ಬಿಟ್ಟ.

"ಅತ್ತಿಗೆ, ನಿಮ್ಮ ಪತ್ರಿಕೇಲಿ ಒಂದು ಚುಕ್ಕಿ ಹೆಚ್ಚುಕಮ್ಮಿ ಆಗಲ್ಲ ಅಂತ ಹತ್ತು ಜನಕ್ಕೆ ಹೇಳ್ಕೊಂಡು ಓಡಾಡಿದೋನು ನಾನು. ಈಗ ತಂಗೀನ ಉಳಿಸೋಕೆ ಬಂದು ಆ ಪುಟ ಒಂದು ಸುಳ್ಳು ಅಂತೀರಿ. ಬಾಯಲ್ಲಿ ಹೇಳಿದ್ರೆ ಆಯ್ತಾ? ಅದನ್ನೂ ಅಚ್ಚು ಹಾಕಿಸಿ ತೋರ್ಸಿ."

ನ್ಯಾಯವಾದ ಮಾತು. ಮರುದಿನ ಬೆಳಿಗ್ಗೆ ಅವಳು ಸಂಪಾದಕರ ಮುಂದೆ ನಿಂತಳು. ಸಂಪಾದಕರೆಂದರೆ ನಿವೃತ್ತ ವೈದ್ಯರು, ಎಲ್ಲರ ಬಾಯಲ್ಲಿ ದೊಡ್ಡ ಡಾಕ್ಟರು. ಪತ್ರಿಕೆಯನ್ನು ವಿಶ್ವವಿದ್ಯಾಲಯಗಳ ಮಾನ್ಯತೆಯ ಪಟ್ಟಿಗೆ ಸೇರಿಸಲು ಆ ವರ್ಷ ಅರ್ಜಿ ಹಾಕಿ ಕಾಯುತ್ತಿದ್ದರು. ಮುಂದಿನ ಸಂಚಿಕೆಯಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಹಾಕಿ, ತಪ್ಪು ನನ್ನದು ಎಂದೇ ಹಾಕಿ ಅಂದಳು ಚುಕ್ಕಿಯಕ್ಕ.

ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಲೇಖನದಲ್ಲಿ ತಪ್ಪೇ ಇಲ್ಲವಲ್ಲ ಎಂದರು. ಮಾತು ಸರಿ, ಅಂಕಿ ಸರಿ, ಇಬ್ಬರು ಪರಿಣತರು ಓದಿ ಒಪ್ಪಿದ್ದಾರೆ. ನಿಮ್ಮ ತಂಗಿಯ ಮನೆಯವರು ನಮ್ಮ ಅಧ್ಯಯನದಲ್ಲೇ ಇಲ್ಲ, ಇಲ್ಲದವರಿಗೆ ಎಂಥ ತಿದ್ದುಪಡಿ? ವೇಷದ ವಿಷಯ ಅಚ್ಚಾದರೆ ಇಪ್ಪತ್ತು ವರ್ಷದ ಲೇಖನಗಳ ಮೇಲೂ ಅನುಮಾನ ಬರುತ್ತದೆ, ಅರ್ಜಿ ಮಣ್ಣುಪಾಲಾಗುತ್ತದೆ.

ಹೋದ ವರ್ಷ ಒಬ್ಬ ಪ್ರಾಧ್ಯಾಪಕರ ಇನಿಷಿಯಲ್ ತಲೆಕೆಳಗಾದದ್ದಕ್ಕೆ ಇದೇ ಮನುಷ್ಯ ಅರ್ಧ ಪುಟದ ತಿದ್ದುಪಡಿ ಹಾಕಿಸಿದ್ದು ಅವಳಿಗೆ ನೆನಪಿತ್ತು. ಆದರೂ ಸಿಟ್ಟು ಇನ್ನೂ ಬಂದಿರಲಿಲ್ಲ. ಬಂದದ್ದು ಅವರ ಮುಂದಿನ ಮಾತಿಗೆ. ದನಿ ತಗ್ಗಿಸಿ, ಉಪಕಾರ ಮಾಡುವವರ ಹಾಗೆ ಹೇಳಿದರು:

"ಅಷ್ಟು ಅರ್ಜೆಂಟಿದ್ರೆ ಒಂದು ಕೆಲಸ ಮಾಡಿ. ಆ ಮೂರನೇ ಕುಟುಂಬದ ಫೈಲನ್ನೇ ತೆಗೆದು ಅವನಿಗೆ ತೋರಿಸಿಬಿಡಿ. ನಿಜವಾದ ಹೆಸರು ನೋಡಿದ್ರೆ ನಂಬ್ತಾನೆ. ನಾನು ಅವತ್ತು ರಜದಲ್ಲಿದ್ದೆ ಅಂದ್ಕೊಳ್ಳಿ."

ಆ ಕಪಾಟಿನ ಬೀಗದ ಕೈಯನ್ನು ಇಪ್ಪತ್ತೆರಡು ವರ್ಷ ತನ್ನ ಚೀಲದ ಒಳಜೇಬಿನಲ್ಲಿ ಹೊತ್ತವಳು ಅವಳು. ತಂಗಿ ಅಳುತ್ತ ನಿಂತಿದ್ದಾಗಲೂ ಆ ಫೈಲಿನ ಯೋಚನೆ ಮಾಡಿರಲಿಲ್ಲ. ಇಲ್ಲಿ ಕಾಯಬೇಕಾದವರೇ ಗುಟ್ಟಿನ ಬಾಗಿಲು ತೆಗೆದು, ಹೋಗು ಅನ್ನುತ್ತಿದ್ದಾರೆ.

"ಬರೆದುಕೊಡಿ," ಅಂದಳು.

"ಏನನ್ನ?"

"ಈಗ ಹೇಳಿದ್ರಲ್ಲ, ಅದನ್ನೇ. ರುಜು ಹಾಕಿ ಕೊಡಿ. ಆ ಹೆಂಗಸು ನಿಮ್ಮನ್ನ ನಂಬಿ, ಗಂಡನ ಎದುರೂ ಆಡದ ಮಾತು ಆಡಿದಾಳೆ. ನಾಲ್ಕು ಸಾಲು ಅಚ್ಚು ಹಾಕೋಕೆ ನಾಚಿಕೆ ಆಗುತ್ತೆ, ಅವಳನ್ನ ಕಳ್ಳತನದಲ್ಲಿ ತೋರ್ಸೋಕೆ ಆಗಲ್ವಾ ನಾಚಿಕೆ? ಮನೆ ಮುರಿಯೋದು ಹೇಗೆ ತಪ್ಪಿಸ್ಬೇಕು ಅಂತ ವರ್ಷಕ್ಕೆ ನಾಲ್ಕು ಸಲ ಪುಸ್ತಕ ತರ್ತೀರಿ. ಒಂದು ಮನೆ ನಾವೇ ಮುರಿದಿದೀವಿ, ಮುರಿದಿದ್ದು ನಮ್ಮ ಲೆಕ್ಕದಲ್ಲೇ ಇಲ್ಲ ಅಂತೀರಿ."

ಗಡಿಯಾರದವನಿಗೆ ಕೇಳಿಸಿದ್ದು ಇದು. ಕೈಯಲ್ಲಿದ್ದ ಚಿಮಟ ಕೆಳಗಿಟ್ಟನಂತೆ. ದೊಡ್ಡ ಡಾಕ್ಟರು ಏನನ್ನೂ ಬರೆದುಕೊಡಲಿಲ್ಲ. ತಿದ್ದುಪಡಿಗೂ ಒಪ್ಪಲಿಲ್ಲ. ನಿಮಗೆ ವಿಶ್ರಾಂತಿ ಬೇಕಾಗಿದೆ ಎಂದರು. ವಿಶ್ರಾಂತಿಯ ಮಾತು ಸಿಟ್ಟಿಗೆ ಇನ್ನಷ್ಟು ಸೌದೆ ಇಟ್ಟಿತು.

ಶನಿವಾರ ಮಧ್ಯಾಹ್ನ ಅವಳು ತಂಗಿಯ ಗಂಡನನ್ನು ಕಚೇರಿಗೆ ಕರೆತಂದಳು. ಅವನು ಬರುವುದಿಲ್ಲ ಅಂದಿದ್ದ. ಬರದಿದ್ದರೆ ನಿನ್ನ ಶೆಡ್ಡಿನ ಬಾಗಿಲಲ್ಲೇ ಕೂರುತ್ತೇನೆ ಅಂದಿದ್ದಳು. ಕಪಾಟು ತೆಗೆದಳು. ಫೈಲುಗಳನ್ನು ಮುಟ್ಟಲಿಲ್ಲ. ವೇಷದ ಪುಸ್ತಕ ತೆಗೆದು, ಎಡಗಡೆಯ ಮೇಲೆ ರಟ್ಟಿನ ಪಟ್ಟಿ ಇಟ್ಟು ತಾನೇ ಒತ್ತಿಹಿಡಿದಳು. ಬಲಗಡೆಯದೆಲ್ಲ ಎಂದೋ ಅಚ್ಚಾಗಿ ಊರು ಸುತ್ತಿದ್ದು, ಅದರಲ್ಲಿ ಗುಟ್ಟಿಲ್ಲ.

"ಬಲಗಡೆ ಓದು. ಮೊದಲಿಂದ."

ಅವನು ತುದಿಯಿಲ್ಲದ ಹೆಬ್ಬೆರಳಿನಿಂದ ಪುಟ ತಿರುವುತ್ತ ಹೋದ. ಹತ್ತೊಂಬತ್ತು ವರ್ಷದ ಹಿಂದಿನ ಪುಟದಲ್ಲಿ ಅವನ ಮಾವ ಇದ್ದ, ಹಲ್ಲುಸೆಟ್ಟನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುವವನು. ಆಚೆ ಪುಟದಲ್ಲಿ ಅವನ ಪಕ್ಕದ ಮನೆಯವರ ಒಂಟಿಕಣ್ಣಿನ ಬೆಕ್ಕು. ಇನ್ನೊಂದರಲ್ಲಿ ಅವನ ತಾಯಿಯ ಕೋಲು, ಯಾರೋ ಅಂಚೆಯವನ ಮನೆಗೆ ಹೋಗಿ ಸೇರಿತ್ತು. ಮತ್ತೊಂದರಲ್ಲಿ ಚುಕ್ಕಿಯಕ್ಕನ ಸ್ವಂತ ಮನೆ: ಎರಡು ತಟ್ಟೆ ತೊಳೆದಿಟ್ಟು ಒಂದರಲ್ಲೇ ಊಟ ಮಾಡುವ ಒಂಟಿ ಹೆಂಗಸು. ಅಲ್ಲಿ ಅವನು ಸ್ವಲ್ಪ ಹೊತ್ತು ನಿಂತ.

ಅಷ್ಟರಲ್ಲಿ ದೊಡ್ಡ ಡಾಕ್ಟರು ಮರೆತ ಕೊಡೆಗೆಂದು ಒಳಗೆ ಬಂದರು. ಮೇಜಿನ ಮೇಲೆ ಪುಸ್ತಕ ಕಂಡು ಬಾಯಿ ತೆರೆದರು, ಎಡಗಡೆ ಮುಚ್ಚಿದ್ದು ಕಂಡು ಮುಚ್ಚಿದರು. ತಂಗಿಯ ಗಂಡ ತಲೆ ಎತ್ತದೆ, ಇದ್ಯಾರೋ ಬಲೇ ಆಸಾಮಿ ಎನ್ನುತ್ತ ಗಟ್ಟಿಯಾಗಿ ಓದತೊಡಗಿದ. "ನಿವೃತ್ತ ಹಡಗಿನ ಅಧಿಕಾರಿ. ಊಟಕ್ಕೆ ಕೂತಾಗ ಹೆಂಡತಿಯ ಮುಖಕ್ಕೆ ಅಡ್ಡವಾಗಿ ಪೇಪರ್ ಹಿಡಿಯುತ್ತಾನೆ. ಉಪ್ಪು ಬೇಕಾದರೆ ಪೇಪರಿನ ಕೆಳಗಿಂದ ಕೈ ಚಾಚುತ್ತಾನೆ. ಕೊಡೆಯನ್ನು ಎಲ್ಲಿ ಹೋದರೂ ಮರೆತು ಬರುತ್ತಾನೆ."

ದೊಡ್ಡ ಡಾಕ್ಟರ ಕೈಯಲ್ಲಿ ಕೊಡೆ. ಎಂಟು ವರ್ಷದ ಹಿಂದೆ ಆ ಪ್ರೂಫಿಗೆ ಒಪ್ಪಿಗೆಯ ರುಜು ಹಾಕಿದವರು ಅವರೇ. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದೂ ಇದ್ದರು: ಇಂಥ ಗಂಡಸರೂ ಇರುತ್ತಾರೆಯೇ? ಚುಕ್ಕಿಯಕ್ಕ ಆ ಪ್ರೂಫನ್ನು ಪುಸ್ತಕದ ಹಿಂಬದಿಯಿಂದ ಎಳೆದು ಅವರ ಮುಂದಿಟ್ಟಳು.

ಮೊದಲು ಬಾಯಿ ಬಿಟ್ಟವನು ತಂಗಿಯ ಗಂಡ. ಹೆಂಡತಿಯ ಮೇಲಿನ ಅನುಮಾನ ಅವನ ಮುಖದಿಂದ ಇಳಿದುಹೋಗಿತ್ತು, ಆದರೆ ಸಿಟ್ಟು ಎಲ್ಲಿಗೂ ಹೋಗಿರಲಿಲ್ಲ, ಮನೆ ಬದಲಾಯಿಸಿತ್ತು ಅಷ್ಟೆ.

"ನಾವು ಊಟಕ್ಕೆ ಕರೆದ್ವಿ ಅತ್ತಿಗೆ. ನೀವು ಅಳತೆ ತಗೊಂಡು ಹೋದ್ರಿ. ಹತ್ತೊಂಬತ್ತು ವರ್ಷ. ಒಂದು ಸಲ ಕೇಳ್ಬೇಕು ಅನ್ನಿಸ್ಲಿಲ್ವಾ?"

ಚಿಕಿತ್ಸೆಗೆ ಬಂದ ಪ್ರತಿಯೊಬ್ಬರ ರುಜು ಆ ಕಪಾಟಿನಲ್ಲಿತ್ತು. ಅನ್ನ ಹಾಕಿದವರ ರುಜು ಒಂದೂ ಇರಲಿಲ್ಲ. ಅವಳು ಅಲ್ಲೇ ಕೂತು ತಿದ್ದುಪಡಿ ಬರೆದಳು: "ಕಳೆದ ಸಂಚಿಕೆಯ ಮೂರನೇ ಕುಟುಂಬದ ಹೊರ ವಿವರಗಳು ಚಿಕಿತ್ಸೆಗೆ ಬಂದವರವಲ್ಲ. ಈ ಕಚೇರಿಯ ಪ್ರೂಫ್ ತಿದ್ದುವವಳು ತನಗೆ ಗೊತ್ತಿದ್ದ ಒಂದು ಮನೆಯಿಂದ, ಆ ಮನೆಯವರನ್ನು ಕೇಳದೆ, ಎತ್ತಿಕೊಂಡದ್ದು. ಲೇಖನದಲ್ಲಿರುವ ಮಾತು ಆ ಮನೆಯ ಹೆಂಗಸಿನದಲ್ಲ." ಕೆಳಗೆ ತನ್ನ ಹೆಸರು ಹಾಕಿದಳು, ಯಾರಿಗೂ ನೆನಪಿಲ್ಲದ ನಿಜವಾದ ಹೆಸರು.

ದೊಡ್ಡ ಡಾಕ್ಟರು ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಓದಿದರು. ಪೆನ್ನು ತೆಗೆದು 'ಕೇಳದೆ' ಎಂಬ ಮಾತನ್ನು ಹೊಡೆದುಹಾಕಿದರು. ಪತ್ರಿಕೆಗೆ ಒಳ್ಳೆಯದಲ್ಲ ಎಂದರು. ಚುಕ್ಕಿಯಕ್ಕ ಅದನ್ನೇ ಮತ್ತೆ ಮೇಲೆ ಬರೆದಳು. ಅವರು ಮತ್ತೆ ಹೊಡೆದರು. ಅವಳು ಬೇರೆ ಹಾಳೆ ತೆಗೆದು ಇಡೀ ತಿದ್ದುಪಡಿಯನ್ನು ಮೊದಲಿಂದ ಬರೆದು, ಆ ಮಾತಿನ ಕೆಳಗೆ ಗೆರೆ ಎಳೆದು, ಕಪಾಟಿನ ಬೀಗದ ಕೈಯನ್ನು ಹಾಳೆಯ ಮೇಲಿಟ್ಟು ಅವರತ್ತ ತಳ್ಳಿದಳು. ಈ ಮಾತು ಉಳಿದರೆ ನಾನು ಉಳಿಯುತ್ತೇನೆ ಎಂದು ಬಾಯಲ್ಲಿ ಹೇಳುವ ಅಗತ್ಯ ಬೀಳಲಿಲ್ಲ. ಅವರು ಕೆಂಪು ಶಾಯಿಯ ಅಂಚನ್ನು ಇನ್ನೊಮ್ಮೆ ನೋಡಿದರು. ರುಜು ಹಾಕಿದರು.

ತಂಗಿಯ ಗಂಡ ಅಚ್ಚಾಗುವವರೆಗೆ ಕಾಯಲಿಲ್ಲ. ಆ ರುಜು ನೋಡಿಯೇ ಎದ್ದ, ಅತ್ತಿಗೆಗೆ ಹೋಗಿಬರುತ್ತೇನೆ ಎಂದೂ ಹೇಳದೆ ಇಳಿದುಹೋದ.

ಸಂಜೆ ತಂಗಿಯ ಫೋನು ಬಂತು. ಅವರು ಬಂದರಂತೆ. ಬಾಗಿಲಲ್ಲಿ ನಿಲ್ಲಲಿಲ್ಲವಂತೆ, ಸೀದಾ ಒಳಗೆ ಹೋಗಿ ಕೈಕಾಲು ತೊಳೆದರಂತೆ. ಹಿಂದಿನಿಂದ ಕೋಲು ಕುಟ್ಟುವ ಸದ್ದು ಕೇಳುತ್ತಿತ್ತು.

"ನಾನು ಯಾವಾಗ ಬರಲಿ?" ಎಂದು ಕೇಳಿದಳು ಚುಕ್ಕಿಯಕ್ಕ.

"ಈಗ ಬೇಡ. ಅವರಿಗಿಂತ ನನಗೇ ಜಾಸ್ತಿ ಸಿಟ್ಟಿದೆ," ಅಂದಳು ತಂಗಿ. "ಇಳಿದಾಗ ನಾನೇ ಕರೀತೀನಿ. ಬರುವಾಗ ಕಣ್ಣು ಆಫೀಸಲ್ಲೇ ಬಿಟ್ಟು ಬಾ."

ಚುಕ್ಕಿಯಕ್ಕ ಫೋನಿಟ್ಟು ಪುಸ್ತಕ ತೆಗೆದಳು. ಮುಂದಿನ ಸಂಚಿಕೆಗೆ ಒಂದು ಮನೆ ವೇಷಕ್ಕೆ ಕಾಯುತ್ತಿತ್ತು. ಎಡಗಡೆ ತುಂಬಿತ್ತು, ಬಲಗಡೆ ಖಾಲಿ. ಪೆನ್ನು ಹಿಡಿದು ತುಂಬ ಹೊತ್ತು ಕೂತಳು, ಒಂದು ಬೆಕ್ಕನ್ನೂ ಬರೆಯಲಾಗಲಿಲ್ಲ. ಕೊನೆಗೆ ಎದ್ದು ಕೆಳಗಿಳಿದು ಗಡಿಯಾರದವನ ಮುಂದೆ ನಿಂತಳು. ನಿನ್ನ ಅಂಗಡಿಯನ್ನು ಒಂದು ಲೇಖನಕ್ಕೆ ಎತ್ತಿಕೊಳ್ಳಲೇ ಎಂದು ಕೇಳಿದಳು.

ಅವನು ಭೂತಗನ್ನಡಿಯನ್ನು ಕಣ್ಣಿಂದ ತೆಗೆದು, ಆಗಲ್ಲ ಅಂದ.

ಅವಳು ಸರಿ ಎಂದು ತಲೆಯಾಡಿಸಿ ಮತ್ತೆ ಮೆಟ್ಟಿಲು ಹತ್ತಿದಳು.