ನೊರೆಹಾಲು

ಕೆಲಸಕ್ಕಿದ್ದ ಹಾಲಿನ ಡೇರಿಯ ಕೊಟ್ಟಿಗೆಯಲ್ಲಿ ಅವಳನ್ನು ಎಲ್ಲರೂ ಸೂಲಗಿತ್ತಿ ಎಂದೇ ಕರೆಯುತ್ತಿದ್ದರು. ಮನುಷ್ಯರ ಹೆರಿಗೆಯನ್ನು ಅವಳು ಒಂದೂ ಮಾಡಿಸಿದವಳಲ್ಲ; ಎಲ್ಲ ಹಸುಗಳದ್ದೇ. ಕರು ಅಡ್ಡ ಸಿಕ್ಕಿಕೊಂಡಿತೆಂದರೆ ಸೆರಗು ಸಿಕ್ಕಿಸಿ, ಮೊಣಕೈ ದಾಟಿ ಸೋಪು ಹಚ್ಚಿ, ಬರಿಗೈಯನ್ನೇ ಒಳಗೆ ಹಾಕುವಳು. ದನದ ಡಾಕ್ಟರು ಕೈಗವಸು ಕೊಡಲು ಬಂದರೆ ಮುಖ ಸಿಂಡರಿಸುವಳು.

"ಕೈಗೆ ಚೀಲ ಕಟ್ಕೊಂಡ್ರೆ ಮುಂಗಾಲು ಯಾವ್ದು, ಹಿಂಗಾಲು ಯಾವ್ದು ಅಂತ ಹೇಗೆ ಗೊತ್ತಾಗುತ್ತೆ ಡಾಕ್ಟ್ರೇ?"

ಡಾಕ್ಟರು ಹೇಳಿ ಹೇಳಿ ಸೋತಿದ್ದರು. ಹಠ ಎಂದರೆ ಅವಳದ್ದೇ.

ಅಂಥವಳಿಗೆ ಈ ವರ್ಷ ಸುಸ್ತು ಬಂದು ಒಕ್ಕರಿಸಿತು. ಬೆಳಿಗ್ಗೆ ಹೇಗೋ ಎದ್ದು ಕೆಲಸಕ್ಕೆ ಹೋಗುವಳು. ಸಂಜೆಯಾಯಿತೆಂದರೆ ಜ್ವರ, ಮೈಯೆಲ್ಲ ಬೆವರು, ಸೊಂಟದಲ್ಲಿ ಎದ್ದು ಕೂರಲಾಗದ ನೋವು. ಕೆಲವು ದಿನ ಬಿಟ್ಟುಹೋಗುವುದು, ಇನ್ನೇನು ವಾಸಿಯಾಯಿತು ಅನ್ನುವಷ್ಟರಲ್ಲಿ ಮತ್ತೆ ಹಾಜರು. ವಯಸ್ಸಾಯಿತು, ಮನೆಯಲ್ಲಿರು ಎಂದ ಮಗ. ಹೇಳುವವರಿಗೇನು, ಬಾಯಿಗೆ ಬಾಡಿಗೆಯೇ?

ಇಷ್ಟರಲ್ಲೂ ಒಂದು ಕೆಲಸ ಮಾತ್ರ ತಪ್ಪಿಸಲಿಲ್ಲ. ಸೊಸೆ ಬಸುರಿ. ಆಗತಾನೆ ಕರೆದ ಹಾಲನ್ನು ನೊರೆ ಆರುವ ಮೊದಲೇ ತಂದು, ಲೋಟ ತುಂಬಿಸಿ ಅವಳ ಮುಂದಿಡುವಳು. ತನ್ನ ಲೋಟವನ್ನು ಕೊಟ್ಟಿಗೆಯಲ್ಲೇ ಖಾಲಿ ಮಾಡಿ ಬಂದಿರುತ್ತಿದ್ದಳು.

"ಹಾಗೇ ಕುಡಿ. ಕಾಯಿಸಿದ್ರೆ ಸತ್ವ ಎಲ್ಲಾ ಹೋಗುತ್ತೆ."

"ಹೂಂ ಅತ್ತೆ," ಅನ್ನುವಳು ಸೊಸೆ. ಅತ್ತೆ ಹೋಗಿ ಹಾಸಿಗೆಗೆ ಬೀಳುವಳು.

ಆಮೇಲೆ ಕೊಟ್ಟಿಗೆಯಲ್ಲಿ ಒಂದರ ಹಿಂದೊಂದು ಹಸು ದಿನ ತುಂಬುವ ಮೊದಲೇ ಕಂದು ಹಾಕತೊಡಗಿದವು. ಡಾಕ್ಟರು ಹಸುಗಳ ರಕ್ತ ತೆಗೆದರು. ಸೂಲಗಿತ್ತಿಯ ಬತ್ತಿದ ಮುಖ ನೋಡಿ, ಆಸ್ಪತ್ರೆಗೆ ಹೋಗಿ ನೀವೂ ರಕ್ತ ಕೊಡಿ ಎಂದರು. ಎರಡೂ ಕಡೆಯಿಂದ ಬಂದದ್ದು ಒಂದೇ ಹೆಸರು, ಬ್ರುಸೆಲ್ಲಾ.

"ಬ್ಯಾಕ್ಟೀರಿಯಾದ ಒಂದು ಕುಲ ಅಮ್ಮಾ ಇದು," ಎಂದರು ಡಾಕ್ಟರು. "ಒಂದು ಜಾತಿ ದನಕ್ಕೆ, ಒಂದು ಮೇಕೆಗೆ, ಇನ್ನೊಂದು ಹಂದಿಗೆ. ಕರುವಿನ ಹಿಂದೆ ಬೀಳೋ ಮಾಸು ಮುಟ್ಟಿದ ಬರಿಗೈಯಿಂದ ನಮಗೂ ಬರುತ್ತೆ. ಹಸಿ ಹಾಲಿಂದ್ಲೂ ಬರುತ್ತೆ. ನಿಮ್ಮದು ಔಷಧಿಗೆ ವಾಸಿಯಾಗುತ್ತೆ ಬಿಡಿ."

"ಬಸುರಿ ಕುಡಿದ್ರೆ?"

"ಗರ್ಭ ನಿಲ್ಲದೇ ಹೋಗ್ಬಹುದು."

ಅವಳು ನೇರ ಮನೆಗೆ ಬಂದಳು. ಅಡುಗೆಮನೆಯ ಗೋಡೆಗೊರಗಿ ಕೂತವಳು, ಸೊಸೆಗೆ ಎಲ್ಲವನ್ನೂ ಹೇಳಿ ಹಣೆ ಚಚ್ಚಿಕೊಂಡಳು.

"ನನ್ನ ಕೈಯಾರೆ ನಿಂಗೆ ವಿಷ ಕುಡಿಸ್ಬಿಟ್ನಲ್ಲೇ!"

ಸೊಸೆ ತಲೆ ತಗ್ಗಿಸಿದಳು. "ಬೈಬೇಡಿ ಅತ್ತೆ. ಹಸಿ ಹಾಲಿನ ವಾಸನೆಗೇ ನಂಗೆ ವಾಕರಿಕೆ ಬರುತ್ತೆ. ನೀವು ಮಲಗಿದ ಮೇಲೆ ಚೆನ್ನಾಗಿ ಕುದಿಸ್ಕೊಂಡೇ ಕುಡೀತಿದ್ದೆ."

"ದಿನಾನೂ?"

"ಒಂದು ದಿನಾನೂ ನಿಮ್ಮ ಮಾತು ಕೇಳಿಲ್ಲ."

ಬೇರೆ ದಿನವಾಗಿದ್ದರೆ ಸೂರು ಹಾರಿಹೋಗುವಂತೆ ಕೂಗಾಡುತ್ತಿದ್ದಳು. ಈಗ ಅಳು ಒತ್ತರಿಸಿ ಬಂತು, ನಡುವೆ ನಗುವೂ ನುಗ್ಗಿತು. ಕರುಗಳನ್ನು ಎಳೆದು ಎಳೆದು ಒರಟಾದ ಕೈಯನ್ನು ಸೊಸೆಯ ತಲೆಯತ್ತ ಚಾಚಿದವಳು, ಅರ್ಧಕ್ಕೆ ಹಿಂತೆಗೆದು ಸೆರಗಿಗೆ ಒರೆಸಿಕೊಂಡಳು.

"ಆದ್ರೂ ನಾಳೆ ಹೋಗಿ ರಕ್ತ ಕೊಟ್ಟು ಬಾ," ಎಂದಳು. "ಈಗ ನಂಗೂ ಒಂದು ಲೋಟ ಕಾಯಿಸಿ ಕೊಡೇ."